ಎಮ್ಮಿಗುಡ್ಡದ ಅರಿಶಿಣಕ್ಕಿ

ಹೋದ ತಿಂಗಳು ನಮ್ಮ ಓಣಿಯಲ್ಲಿ ಮನೆ ಕಟ್ಟಿಸುವವರೊಬ್ಬರು ಒಂದು ಟ್ರ್ಯಾಕ್ಟರ್ ಕಲ್ಲುಪುಡಿ ತರಿಸಿ ನಮ್ಮ ಬಾಗಿಲ ಎದುರಿಗೇ ಸುರುವಿಸಿದರು. ಸಂಜೆ ಅದರ ಮೇಲೆ ನಾಲ್ಕು ಹನಿ ಮಳೆ ಬಿತ್ತು. ಮಣ್ಣಿನ ಘಮ ಏಳುವ ಬದಲು, ಗಂಟಲಲ್ಲಿ ಕೂರುವಂಥ ತಣ್ಣನೆಯ ವಾಸನೆ ಎದ್ದಿತು. ಒಣಹಾಕಿದ ಬಟ್ಟೆ ತೆಗೆಯಲು ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಐದು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾನು ಉಸಿರಾಡಿದ್ದು ಇದೇ ವಾಸನೆಯನ್ನು. ಅದು ನನ್ನ ನೌಕರಿಯ ಮೊದಲ ವರ್ಷ.

ನಮ್ಮದು ಗುರುಮಠಕಲ್ ಹತ್ತಿರದ ಹಳ್ಳಿ. ಅಪ್ಪ ಅವ್ವ ಇಬ್ಬರೂ ಹೊಲದ ಕೆಲಸದವರು. ಬುದ್ಧನ ಪಟ ಇದ್ದ ಗೋಡೆಗೆ ಬೆನ್ನು ಹಚ್ಚಿ ಓದಿ, ಪರೀಕ್ಷೆ ಬರೆದು, ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆದೆ. ತರಬೇತಿ ಮುಗಿದು ಯಾರಿಗೆ ಯಾವ ಜಾಗ ಅಂತ ಗೊತ್ತಾದ ದಿನ ಜೊತೆಯವರು ನಕ್ಕಿದ್ದರು. ಅವರಿಗೆಲ್ಲ ದಟ್ಟ ಕಾಡಿನ ಜಿಲ್ಲೆಗಳು ಸಿಕ್ಕಿದ್ದವು. ನನಗೆ ಶಹಾಪುರ ಕಡೆಯ ಗುಡ್ಡಗಳು. ‘ಸುಜಾತಾ, ನಿನ್ನ ಕಲ್ಲು ಕಾಯಾಕ ಹಾಕ್ಯಾರ’ ಅಂದಿದ್ದಳು ಒಬ್ಬಳು. ನನಗೂ ಹಾಗೇ ಅನಿಸಿತ್ತು.

ನನ್ನ ಗಸ್ತಿನಲ್ಲಿದ್ದ ದೊಡ್ಡ ಗುಡ್ಡದ ಹೆಸರು ಎಮ್ಮಿಗುಡ್ಡ. ಸುರಪುರದ ಬಸ್ಸಿನ ಕಿಟಕಿಯಿಂದ ನೋಡಿದರೆ ನೂರಾರು ಎಮ್ಮೆಗಳು ಒಂದರ ಮೇಲೊಂದು ಮಲಗಿದ ಹಾಗೆ ಬರೀ ಬಂಡೆ ಕಾಣುತ್ತದೆ. ಹತ್ತಿದ ಮೇಲೆ ಗೊತ್ತಾಗುವುದು, ಬಂಡೆಗಳ ನಡುವೆ ಕಾಡಿದೆ ಅಂತ. ಸೀತಾಫಲ, ಕವಳಿ, ಬಾರಿ, ಕಲ್ಲು ಸೀಳಿಕೊಂಡು ನಿಂತ ಬಸರಿ ಮರಗಳು. ಮಳೆ ನೀರು ಸಂದಿಗಳಲ್ಲಿ ನಿಲ್ಲುವುದರಿಂದ ಅಲ್ಲಿ ಕೆಳಗಿನ ಹೊಲಗಳಿಗಿಂತ ಹೆಚ್ಚು ದಿನ ಹಸಿರು ಇರುತ್ತದೆ. ಗುಡ್ಡದ ಪಡುವಣ ಮಗ್ಗುಲಲ್ಲಿ ಆಗಲೇ ಒಂದು ಕಲ್ಲುಕ್ವಾರಿ ಇತ್ತು. ಅದನ್ನು ಮೂಡಣ ಮಗ್ಗುಲಿಗೂ ಹಿಗ್ಗಿಸಬೇಕೆಂದು ಕ್ವಾರಿಯವರು ಅರ್ಜಿ ಹಾಕಿದ್ದರು. ಆ ಜಾಗ ನೋಡಿ ವರದಿ ಕೊಡುವ ಕೆಲಸ ಮೇ ತಿಂಗಳಲ್ಲಿ ನನ್ನ ಪಾಲಿಗೆ ಬಂತು.

ನಾನು ಹೋದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಮುಂಜಾನೆ ಬೇರೆ ಕೆಲಸ ಇತ್ತು. ಬಂಡೆಗೆ ಕೈ ಊರಿದರೆ ಸುಡುತ್ತಿತ್ತು. ಕ್ವಾರಿಯ ಮ್ಯಾನೇಜರ್ ಒಂದು ಬಾಟಲಿ ಮಜ್ಜಿಗೆ ಹಿಡಿದುಕೊಂಡು ಜೊತೆಗೆ ಬಂದರು. “ಬಿಸಿಲು ಭಾಳ ಅದ ಮೇಡಮ್ಮಾರ. ಇಲ್ಲಿ ನೋಡಾಕ ಏನದ ಹೇಳ್ರಿ, ಓತಿಕ್ಯಾತ ಬಿಟ್ರ” ಅಂದರು. ಎರಡು ಗಂಟೆ ಅಡ್ಡಾಡಿದೆ. ಒಂದು ಮುಂಗುಸಿ, ನಾಲ್ಕಾರು ಮಾಮೂಲಿ ಬುಲ್‌ಬುಲ್ ಕಂಡವು. ಕೆಳಗಿಳಿದು ಬಂದು, ವನ್ಯಜೀವಿಗಳ ಕಾಲಮ್ಮಿನಲ್ಲಿ ‘ಗಮನಾರ್ಹವಾದವು ಕಂಡುಬಂದಿಲ್ಲ’ ಎಂದು ದುಂಡಗೆ ಬರೆದು ಸಹಿ ಮಾಡಿದೆ. ನನ್ನ ಮೇಲಿನ ಫಾರೆಸ್ಟರ್ ಮಲ್ಲಣ್ಣ ಸರ್ ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಅಂದರು. ಅವತ್ತು ನನಗೆ ಅದೇ ದೊಡ್ಡ ಖುಷಿ.

ಜೂನಿನಲ್ಲಿ ಮೊದಲ ಮಳೆಯಾದ ಮೂರು ದಿನಕ್ಕೆ ಶರಣಮ್ಮ ಸಿಕ್ಕಳು. ಗುಡ್ಡದ ಬುಡದ ಊರಿನವಳು. ಐವತ್ತೈದರ ಮೇಲಿನ ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬೇಸಿಗೆಯಲ್ಲಿ ಕಟ್ಟಿಗೆ, ಮಳೆಗಾಲದ ಕೊನೆಗೆ ಸೀತಾಫಲ, ಹೀಗೆ ಗುಡ್ಡದ ಮೇಲೆ ಬದುಕಿದವಳು. ತಲೆ ಮೇಲೆ ಹೊರೆ ಹೊತ್ತು ಇಳಿಯುತ್ತಿದ್ದವಳನ್ನು ನಾನು ತಡೆದು ಕುಡುಗೋಲು ಕಸಿದುಕೊಂಡೆ. ಅವಳು ಗಾಬರಿಯಾಗಲಿಲ್ಲ. ಹೊರೆ ಇಳಿಸಿ, ಒಂದು ಕಡ್ಡಿ ಹಿರಿದು ನನ್ನೆದುರೇ ಮುರಿದಳು.

“ಕೇಳಿದ್ರ್ಯಾ, ಪಟ್ ಅಂತು. ಹಸೀದಿದ್ರ ಹಿಂಗ ಅಂತಾದೇನ್ರಿ? ನಾ ಒಣಗಿದ್ದs ಆರಿಸ್ಕೋತೀನಿ.”

ಮರುದಿನ ಅವಳ ಮನೆ ಹುಡುಕಿಕೊಂಡು ಹೋಗಿ ಕುಡುಗೋಲು ಕೊಟ್ಟುಬಂದೆ. ಆಮೇಲೆ ಗುಡ್ಡದಲ್ಲಿ ಸಿಕ್ಕಾಗಲೆಲ್ಲ ಮಾತಾಡುವ ರೂಢಿಯಾಯಿತು. ಒಂದು ದಿನ ಅವಳೇ ಕೇಳಿದಳು: “ಈ ಕಡೀನೂ ಕಲ್ಲ ಒಡೀತಾರಂತ, ಖರೇ ಏನ್ರಿ?”

“ಅರ್ಜಿ ಹಾಕ್ಯಾರ” ಅಂದೆ.

“ಮತ್ತ ಅರಿಶಿಣಕ್ಕಿ ಎಲ್ಲಿ ಹೋಗ್ಬೇಕ್ರಿ?”

ನನಗೆ ಅದು ಅರಿಶಿಣ ಹಚ್ಚಿದ ಅಕ್ಕಿ ಅಂತ ಕೇಳಿಸಿತು. ಬಂಡೆಗೆ ಏನಾದರೂ ಪೂಜೆ ಮಾಡುತ್ತಾರೇನೋ ಅಂದುಕೊಂಡು ಹಾಗೇ ಕೇಳಿದೆ. ಶರಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಉಣ್ಣೋ ಅಕ್ಕಿ ಅಲ್ರಿ ಮೇಡಮ್ಮ. ಹಾರೋ ಹಕ್ಕಿ. ನಾಳಿಗಿ ಹೊತ್ತು ಹುಟ್ಟೂದ್ರಾಗ ಬರ್ರಿ, ತೋರಸ್ತೀನಿ.”

ಹೋದೆ. ಅವಳು ಮುಂದೆ, ನಾನು ಹಿಂದೆ. ಮೇಲೆ ಒಂದು ದೊಡ್ಡ ಬಂಡೆಯ ಮರೆಯಲ್ಲಿ ಕೂರಿಸಿ, “ಮಾತಾಡಬ್ಯಾಡ್ರಿ, ಕೈ ಎತ್ತಬ್ಯಾಡ್ರಿ” ಅಂದಳು. ಬಹಳ ಹೊತ್ತು ಏನೂ ಇಲ್ಲ. ಕಾಲು ಜೋಮು ಹಿಡಿಯಿತು. ಆಮೇಲೆ ಎದುರಿನ ಬಸರಿ ಮರದೊಳಗಿಂದ, ಗಿಂಡಿಯ ನೀರು ಒಮ್ಮೆಗೇ ಬಗ್ಗಿಸಿದ ಹಾಗೆ ಗಳಗಳ ಎಂದು ಒಂದು ದನಿ ಬಂತು. ಸ್ವಲ್ಪ ದೂರದ ಬಂಡೆಯಿಂದ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಎಲೆ ಅಲುಗಿತು. ಹೊರಗೆ ಬಂದು ಕೂತ ಹಕ್ಕಿಯ ಮೈ ಬೂದಿ ಬಣ್ಣ, ತಲೆ ಎಳೆ ಹಸಿರು ಬೆರೆತ ಹಳದಿ. ಕೊರಳಿಗೆ ಮಾತ್ರ ಯಾರೋ ಈಗಷ್ಟೇ ಅರಿಶಿಣ ಹಚ್ಚಿ ಕಳಿಸಿದ ಹಾಗಿತ್ತು. ಒಂದು ಹಣ್ಣು ಕಿತ್ತುಕೊಂಡು ಮತ್ತೆ ಎಲೆಯೊಳಗೆ ಹೋಯಿತು. ನಾನು ನೋಡಿದ್ದು ಐದು ಎಣಿಸುವಷ್ಟು ಹೊತ್ತು.

“ಈ ಕಡೀಗಿ ಮೂರು ಜೋಡಿ ಅದಾವ” ಅಂದಳು ಶರಣಮ್ಮ. “ನಾ ಲಗ್ನ ಆಗಿ ಬಂದಾಗ ನಮ್ಮತ್ತಿ ತೋರಿಸಿದ್ಳು. ಆವಾಗ ಆ ಕಡೀಗೂ ಇದ್ವು. ಕ್ವಾರಿ ಬಂದ ಮ್ಯಾಲ ಅಲ್ಲಿ ಒಂದೂ ಉಳೀಲಿಲ್ಲ. ಇವು ಊರಾಗ ಬರೋ ಹಕ್ಕಿ ಅಲ್ರಿ. ಬಂಡಿ ಇರಬೇಕು, ಬಂಡ್ಯಾಗ ಗಿಡ ಇರಬೇಕು.”

ಕಚೇರಿಯ ಕಪಾಟಿನಲ್ಲಿ ಹಕ್ಕಿಗಳ ಒಂದು ಚಿತ್ರಪುಸ್ತಕ ಇತ್ತು. ಯಾರೂ ತೆಗೆಯದೆ ಅದರ ಹಾಳೆಗಳು ಅಂಟಿಕೊಂಡಿದ್ದವು. ಬಿಡಿಸಿ ನೋಡಿದೆ. ಹಳದಿ ಕೊರಳಿನ ಪಿಕಳಾರ, ಬುಲ್‌ಬುಲ್‌ಗಳದೇ ಒಂದು ಜಾತಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಿ ಮಾತ್ರ ಇರುವಂಥದ್ದು, ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲ. ಸಂಖ್ಯೆ ಇಳಿಯುತ್ತಿದೆ. ಅಳಿವಿನ ಅಪಾಯ ಎದುರಿಸುತ್ತಿರುವ ಪ್ರಭೇದ. ಕಾರಣಗಳ ಸಾಲಿನಲ್ಲಿ ಕಲ್ಲು ಗಣಿಗಾರಿಕೆಯೂ ಇತ್ತು.

ಆ ಪುಟದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತೆ. ಒಂದು ಹಕ್ಕಿ ಅಪಾಯದಲ್ಲಿದೆ ಎಂದು ಪುಸ್ತಕದಲ್ಲಿ ಒಂದು ಮಾತು ಬರಬೇಕಾದರೆ, ಎಲ್ಲೆಲ್ಲೋ ಯಾರ್ಯಾರೋ ಹತ್ತಿ, ಕಾದು, ಇದೆ ಅಥವಾ ಇಲ್ಲ ಎಂದು ಬರೆದಿರಬೇಕು. ಎಮ್ಮಿಗುಡ್ಡದ ಮಟ್ಟಿಗೆ ಹಾಗೆ ಕಾಯಬೇಕಾಗಿದ್ದವಳು ನಾನು. ನಾನು ಮಟ ಮಟ ಮಧ್ಯಾಹ್ನ ಹೋಗಿ, ಮಜ್ಜಿಗೆ ಕುಡಿದು, ಇಲ್ಲವೆಂದು ಬರೆದು ಬಂದಿದ್ದೆ.

ಮಲ್ಲಣ್ಣ ಸರ್‌ಗೆ ಹೇಳಿದೆ. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ, ಮೆತ್ತಗೆ ಮಾತಾಡುವವರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

“ಬರದದ್ದು ಹೋಗ್ಯಾದ. ಸಾಹೇಬ್ರ ಟೇಬಲ್ ಮ್ಯಾಲ ಅದ. ಈಗ ‘ನಾ ಬರದದ್ದು ತಪ್ಪು’ ಅಂತ ನೀನs ಬರದ್ರ, ನಿನಗs ನೋಟಿಸ್ ಬರ್ತದ. ಪ್ರೊಬೇಷನ್‌ದಾಗ ಅದಿ, ತಿಳೀತಿಲ್ಲೋ?”

“ತಿಳೀತ್ರಿ ಸರ್.”

“ಮತ್ತ?”

“ಹಕ್ಕಿ ಅದ್ರಿ ಸರ್. ನಾ ನೋಡೀನಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ನೀ ಒಬ್ಬಾಕಿ ನೋಡೀನಂದ್ರ ಸಾಲಂಗಿಲ್ಲ. ಮೊದಲ ಇಲ್ಲ ಅಂದಾಕಿ ನೀನs. ಊರವರದ್ದು ಒಂದು ಹೇಳಿಕಿ ತಗೊಂಡ ಬಾ. ನಾಳಿಗಿ ತಿರುಗಿ ಬೀಳಬಾರದು, ಅಂಥವರದ್ದು” ಅಂದರು.

ಅಂಥವರು ನನಗೆ ಗೊತ್ತಿದ್ದದ್ದು ಒಬ್ಬಳೇ. ಸಂಜೆ ಶರಣಮ್ಮನ ಮನೆಗೆ ಹೋದೆ. ಅವಳ ಮಗಳು ಮಾದೇವಿ, ಅಳಿಯ ದೇವಿಂದ್ರ ಬಂದಿದ್ದರು. ಅವರದು ಪಕ್ಕದ ಓಣಿಯಲ್ಲೇ ಮನೆ. ಚಹ ಕೊಟ್ಟರು. ನಾನು ಬಂದ ಕೆಲಸ ಹೇಳುತ್ತಿದ್ದ ಹಾಗೆ ದೇವಿಂದ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಆಗಲೇ ನನಗೆ ತಿಳಿದದ್ದು, ಅವನು ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸದವನು ಅಂತ. ಪಡುವಣ ಮಗ್ಗುಲಿನ ಒಳ್ಳೆಯ ಕಲ್ಲು ಮುಗಿಯುತ್ತ ಬಂದಿತ್ತು. ಮೂಡಣಕ್ಕೆ ಅನುಮತಿ ಸಿಗದಿದ್ದರೆ ಕೆಲಸ ಹೋಗುವ ಇಪ್ಪತ್ತು ಮಂದಿಯಲ್ಲಿ ಅವನೂ ಒಬ್ಬ.

“ಮೇಡಮ್ಮಾರ, ಗುಡ್ಡದಾಗ ಹಕ್ಕಿ ಅದಾವ, ಖರೇ” ಅಂದ ಅವನು. ಸಿಟ್ಟಿನಿಂದಲ್ಲ, ನಿಧಾನವಾಗಿಯೇ. “ನಮ್ಮ ಮನ್ಯಾಗ ಮಂದಿ ಅದಾರ. ಹಕ್ಕಿ ಹಾರಿ ಇನ್ನೊಂದು ಗುಡ್ಡಕ್ಕ ಹೋಗ್ತದ. ನಾ ಎಲ್ಲಿ ಹಾರಲಿ?”

ಆ ಹಕ್ಕಿ ಬೇರೆ ಗುಡ್ಡಕ್ಕೆ ಹೋಗುವುದಿಲ್ಲ, ಸುತ್ತಲಿನ ಗುಡ್ಡಗಳೂ ಹೀಗೇ ಕರಗುತ್ತಿವೆ ಅಂತ ಹೇಳಬಹುದಿತ್ತು. ಅವನ ಮುಖ ನೋಡಿದ ಮೇಲೆ ಹೇಳಲಿಲ್ಲ. ನಮ್ಮಪ್ಪನೂ ದಿನಗೂಲಿಗೆ ಹೋಗುವವನೇ.

“ಶರಣಮ್ಮಾ, ಬ್ಯಾಡಂದ್ರ ಬ್ಯಾಡ. ನಾ ಬ್ಯಾರೆ ಯಾರನ್ನಾರ ಕೇಳ್ತೀನಿ” ಅಂದು ಎದ್ದೆ.

ಮಾದೇವಿ ಒಲೆಯ ಮುಂದೆ ಕೂತು ನಮ್ಮ ಕಡೆ ಬೆನ್ನು ಮಾಡಿದ್ದಳು. ಶರಣಮ್ಮ ಮಗಳ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ನಾ ಏನ್ ಹೇಳ್ಬೇಕು?” ಅಂದಳು.

“ನೋಡಿದ್ದು ಹೇಳ್ಬೇಕು. ಅಷ್ಟ.”

“ಕ್ವಾರಿ ಬ್ಯಾಡ ಅಂತ ನಾ ಹೇಳಂಗಿಲ್ಲ. ಹಕ್ಕಿ ಇಲ್ಲ ಅಂತಾನೂ ಹೇಳಂಗಿಲ್ಲ. ಅದಾವ. ಮೂರು ಜೋಡಿ ಅದಾವ. ಅಷ್ಟು ಬರ್ಕೋರಿ.”

ಬರೆದು, ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದಳು. ದೇವಿಂದ್ರ ಎದ್ದು ಹೊರಗೆ ಹೋದ. ನಾನು ಹೊರಟಾಗಲೂ ಮಾದೇವಿ ಒಲೆಯ ಕಡೆಗೇ ತಿರುಗಿದ್ದಳು.

ಎರಡು ಪುಟದ ಪತ್ರ ಬರೆದೆ. ನನ್ನ ಮೊದಲ ವರದಿ ತಪ್ಪಾಗಿದೆ, ಹೋದ ಹೊತ್ತು ಸರಿಯಿರಲಿಲ್ಲ, ಆ ತಪ್ಪಿಗೆ ನಾನೇ ಹೊಣೆ ಅಂತ ಮೊದಲ ಸಾಲಲ್ಲೇ ಬರೆದೆ. ಮಲ್ಲಣ್ಣ ಸರ್ ಒಂದು ದಿನ ಅದನ್ನು ತಮ್ಮ ಬಳಿ ಇಟ್ಟುಕೊಂಡರು. ಮರುದಿನ ಮುಂಜಾನೆ, ನನಗೂ ಹೇಳದೆ ಒಬ್ಬರೇ ಗುಡ್ಡ ಹತ್ತಿ ಬಂದು, ಪತ್ರದ ಕೆಳಗೆ ‘ನಾನೂ ಕಂಡಿದ್ದೇನೆ’ ಎಂದು ಬರೆದು ಮೇಲಕ್ಕೆ ಕಳಿಸಿದರು. ಹದಿನೈದು ದಿನದಲ್ಲಿ ನನಗೆ ಕಾರಣ ಕೇಳಿ ನೋಟಿಸ್ ಬಂತು. ಅದರ ಜೊತೆಗೇ ಇನ್ನೊಂದು ಕಾಗದವೂ ಬಂತು. ಮೇಲಿನವರು ಒಂದು ಜಂಟಿ ತಪಾಸಣೆಗೆ ಬರುತ್ತಾರೆ, ಹಕ್ಕಿಗಳನ್ನು ಬಲ್ಲ ಒಬ್ಬ ಮೇಷ್ಟರೂ ಬರುತ್ತಾರೆ ಅಂತ.

ಅಷ್ಟರಲ್ಲಿ ಶರಣಮ್ಮ ಒಂದು ಗೂಡು ಕಂಡುಹಿಡಿದಿದ್ದಳು. ಬಂಡೆಯ ಬಿರುಕಿನಲ್ಲಿ ಬೆಳೆದ ಒಂದು ಕಂಟಿಯೊಳಗೆ, ನಾರು, ಹುಲ್ಲು ಸುತ್ತಿ ಮಾಡಿದ ಸಣ್ಣ ಬಟ್ಟಲು. ಅದರಲ್ಲಿ ಎರಡು ಮೊಟ್ಟೆ, ಕೆಂಪು ಚುಕ್ಕಿಯವು. ನಾವು ಹತ್ತಿರ ಹೋಗುತ್ತಿರಲಿಲ್ಲ. ದೂರದ ಬಂಡೆಯಿಂದ, ತಾಯಿ ಬಂದು ಕೂರುವುದನ್ನು ನೋಡಿ ಇಳಿದುಬಿಡುತ್ತಿದ್ದೆವು. ಆ ದಿನಗಳಲ್ಲಿ ಅವಳು ನನ್ನನ್ನು ‘ಮೇಡಮ್ಮ’ ಅನ್ನುವುದು ಬಿಟ್ಟು ‘ತಂಗಿ’ ಅನ್ನತೊಡಗಿದ್ದಳು. ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ಮನೆಯ ಮಾತು ಮಾತ್ರ ಆಡುತ್ತಿರಲಿಲ್ಲ.

ತಪಾಸಣೆಗೆ ಎರಡು ದಿನ ಇದ್ದಾಗ ಪಡುವಣ ಮಗ್ಗುಲಲ್ಲಿ ಬಂಡೆಗೆ ಮದ್ದಿಟ್ಟ ಸಿಡಿತ ಆಯಿತು. ಸ್ವಲ್ಪ ದಿನ ತಡೆಯಿರಿ ಅಂತ ನಾನು ಮ್ಯಾನೇಜರಿಗೆ ಫೋನಿನಲ್ಲಿ ಕೇಳಿಕೊಂಡಿದ್ದೆ. ಆ ಭಾಗಕ್ಕೆ ಮೊದಲೇ ಅನುಮತಿ ಇದೆ, ಕೆಲಸ ನಿಲ್ಲಿಸಲು ಆಗುವುದಿಲ್ಲ ಅಂದಿದ್ದರು. ಅವರು ಹೇಳಿದ್ದು ಕಾಯಿದೆ ಪ್ರಕಾರ ಸರಿಯೇ ಇತ್ತು. ಆ ದಿನ ಮಳೆ ಜಿನುಗುತ್ತಿತ್ತು. ಮೂರು ಸಲ ನೆಲ ಅದುರಿತು. ಬಿಳಿ ಧೂಳು ಗುಡ್ಡದ ನೆತ್ತಿ ದಾಟಿ ಬಂದು, ಹಸಿ ಎಲೆಗಳ ಮೇಲೆ ಅಂಟಿಕೊಂಡು ಕೂತಿತು. ಬಾಯಿ ತೆರೆದರೆ ಕಲ್ಲಿನ ರುಚಿ.

ತಪಾಸಣೆಯ ಮುಂಜಾನೆ ಆರಕ್ಕೆ ಎಲ್ಲರೂ ಮೇಲಿದ್ದೆವು. ಏಳಾಯಿತು, ಎಂಟಾಯಿತು. ಬಸರಿ ಮರದಲ್ಲಿ ಏನೂ ಅಲುಗಲಿಲ್ಲ. ಒಬ್ಬ ಅಧಿಕಾರಿ ಗಡಿಯಾರ ನೋಡಿಕೊಂಡರು. ಮ್ಯಾನೇಜರ್ ಏನೂ ಮಾತಾಡಲಿಲ್ಲ, ಅದು ಅವರ ಒಳ್ಳೆಯತನ. ಕೊನೆಗೆ ಮೇಷ್ಟರು ಗೂಡು ತೋರಿಸಿ ಅಂದರು. ಶರಣಮ್ಮ ಅವರನ್ನು ಕರೆದುಕೊಂಡು ಹೋದಳು. ಅವರು ಬಗ್ಗಿ ನೋಡಿ, ಬೆರಳ ತುದಿಯಿಂದ ಮೊಟ್ಟೆಯನ್ನು ಮೆಲ್ಲಗೆ ಮುಟ್ಟಿದರು. ಮೊಟ್ಟೆಯ ಮೇಲೆಯೂ ತೆಳುವಾಗಿ ಧೂಳಿತ್ತು.

“ತಣ್ಣಗಾಗಿವೆ. ಬಿಟ್ಟು ಹೋಗಿದೆ” ಅಂದರು.

ಶರಣಮ್ಮ ಬಂಡೆಗೆ ಕೈ ಕೊಟ್ಟು ಕೂತಳು. ಆಗ, ಬಹಳ ದೂರದಲ್ಲಿ, ಗುಡ್ಡದ ಕೆಳಗಿನ ಅಂಚಿನಿಂದ ಆ ದನಿ ಕೇಳಿತು. ಒಂದೇ ಸಲ. ಮೇಷ್ಟರು ತಲೆಯೆತ್ತಿ ಕೈ ಮೇಲೆ ಮಾಡಿದರು. ಮತ್ತೆ ಕೂಗಿತು. ದುರ್ಬೀನು ಹಿಡಿದು ಅವರು ಅರ್ಧ ಗಂಟೆ ಆ ದಿಕ್ಕಿಗೇ ನಿಂತರು. ಆಮೇಲೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಅಧಿಕಾರಿಗಳಿಗೆ ತೋರಿಸಿದರು. ಅವರಿಗೆ ಅಷ್ಟು ಸಾಕಾಯಿತು. ಎರಡು ತಿಂಗಳ ಮೇಲೆ ಆದೇಶ ಬಂತು. ಮೂಡಣ ಮಗ್ಗುಲಿಗೆ ಅನುಮತಿ ಇಲ್ಲ. ಪಡುವಣದಲ್ಲಿ ಅವಧಿ ಮುಗಿಯುವವರೆಗೆ ನಡೆಯಬಹುದು, ಹಕ್ಕಿ ಮರಿ ಮಾಡುವ ತಿಂಗಳುಗಳಲ್ಲಿ ಸಿಡಿತ ಕೂಡದು.

ಆದೇಶಕ್ಕೂ ಮೊದಲೇ, ತಪಾಸಣೆಯ ಸುಳಿವು ಹಿಡಿದು, ಕ್ವಾರಿಯವರು ಕೆಲಸದವರನ್ನು ಕಡಿಮೆ ಮಾಡಿದ್ದರು. ದೇವಿಂದ್ರನ ಕೆಲಸ ಹೋಯಿತು. ಅವನು ಸೈದಾಪುರದ ಕಡೆ, ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಹುಡುಕಿಕೊಂಡು, ಅಲ್ಲೇ ನಾಲ್ಕು ಜನರೊಂದಿಗೆ ಒಂದು ಖೋಲಿ ಮಾಡಿದ. ಎರಡು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಆ ವರ್ಷದ ಪಂಚಮಿಗೆ, ಆದೇಶ ಇನ್ನೂ ಬಾರದ ಹೊತ್ತಿನಲ್ಲಿ, ನಾನು ಶರಣಮ್ಮನ ಮನೆಗೆ ಹೋಗಿದ್ದೆ. ಜೋಳದ ಅಳ್ಳು ಹುರಿದಿದ್ದಳು, ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿದ್ದಳು. ಹೊರಗೆ ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದ್ದಳು. ತವರಿಗೆ ಮಗಳು ಬರುವ ಹಬ್ಬ ಅದು. ಮಾದೇವಿಯ ಮನೆ ಕೂಗಿದರೆ ಕೇಳುವಷ್ಟು ದೂರ. ಅವಳು ಬರಲಿಲ್ಲ. ಸಂಜೆಯವರೆಗೂ ಬಾಗಿಲು ನೋಡಿ, ಶರಣಮ್ಮ ಉಂಡೆಗಳನ್ನು ಒಂದು ಡಬ್ಬಿಗೆ ತುಂಬಿ, ಜೋಕಾಲಿ ಆಡಲು ಬಂದಿದ್ದ ಮೊಮ್ಮಗಳ ಕೈಯಲ್ಲಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಆ ಹುಡುಗಿ ತುಂಬಿದ ಡಬ್ಬಿಯನ್ನು ಹಾಗೇ ವಾಪಸು ತಂದಳು.

“ನನ್ನಿಂದ ಹಿಂಗಾತು, ಶರಣಮ್ಮ” ಅಂದೆ.

“ನಿನ್ನಿಂದೇನು. ನೋಡಿದಾಕಿ ನಾ, ಹೇಳಿದಾಕಿ ನಾ.” ಡಬ್ಬಿಯ ಮುಚ್ಚಳ ತೆಗೆದು ನನಗೊಂದು ಉಂಡೆ ಕೊಟ್ಟಳು. “ತಿನ್ನು. ಆಕಿ ಸಿಟ್ಟು ಆಕೀದು. ಆಕೀ ಹೊಟ್ಟಿ ಉರದದ. ನಾ ತಪ್ಪು ಅನ್ನಂಗಿಲ್ಲ.”

ಉಂಡೆಯನ್ನು ಕೈಯಲ್ಲೇ ಹಿಡಿದು ಕೂತೆ. ಮಾಡಿದ್ದು ಸರಿ ಅಂತ ನನಗೆ ಗೊತ್ತಿತ್ತು. ಸರಿಯಾದದ್ದಕ್ಕೆ ಬೆಲೆ ತೆತ್ತವಳು ನಾನಲ್ಲ ಅನ್ನುವುದೂ ಗೊತ್ತಿತ್ತು. ನನಗೆ ಸಿಕ್ಕಿದ್ದು ಒಂದು ಎಚ್ಚರಿಕೆಯ ಪತ್ರ, ಆರು ತಿಂಗಳು ಹೆಚ್ಚಿನ ಪ್ರೊಬೇಷನ್. ಅಷ್ಟೇ.

ಮಾದೇವಿ ಮುಂದಿನ ವರ್ಷದ ಪಂಚಮಿಗೂ ಬರಲಿಲ್ಲ. ಮೂರನೆಯ ವರ್ಷ, ಶರಣಮ್ಮ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾದಾಗ, ಕರೆಯದೆಯೇ ಬಂದು ಹಾಸಿಗೆಯ ಪಕ್ಕ ಕೂತಳಂತೆ. ಇಬ್ಬರೂ ಹಳೆಯದರ ಮಾತು ಎತ್ತಲಿಲ್ಲವಂತೆ. ಅಷ್ಟರಲ್ಲಿ ನನಗೆ ಗುರುಮಠಕಲ್‌ಗೆ ವರ್ಗವಾಗಿತ್ತು. ಇದೆಲ್ಲ ನನಗೆ ಫೋನಿನಲ್ಲಿ ತಿಳಿದದ್ದು.

ಕಲ್ಲುಪುಡಿಯ ವಾಸನೆ ಎದ್ದ ಮರುವಾರ ನಾಲ್ಕು ದಿನ ರಜೆ ಹಾಕಿ ಎಮ್ಮಿಗುಡ್ಡಕ್ಕೆ ಹೋದೆ. ಪಡುವಣ ಮಗ್ಗುಲಿನ ಕ್ವಾರಿ ನಿಂತಿದೆ. ಅಲ್ಲಿ ಗುಡ್ಡ ಇದ್ದ ಕಡೆ ಈಗ ಆಳದ ಹೊಂಡ, ತಳದಲ್ಲಿ ಹಸಿರು ನೀರು. ಮೂಡಣ ಮಗ್ಗುಲು ನಾವು ಬಿಟ್ಟ ಹಾಗೇ ಇದೆ. ಬಸರಿ ಮರದ ತುಂಬ ಕಾಯಿ. ಶರಣಮ್ಮ ಕೋಲು ಊರಿಕೊಂಡು ಬಂದಳು. ಅವಳ ತೋಳು ಹಿಡಿದು ಹತ್ತಿಸಿದವಳು ಮಾದೇವಿ. ನನ್ನನ್ನು ನೋಡಿ, “ಆರಾಮದೀರ್ಯಾ” ಅಂದಳು. ಅಷ್ಟು ಅಂದದ್ದೇ ನನಗೆ ಬಹಳವಾಯಿತು.

ಮೂರು ಮುಂಜಾನೆ ಕಾದೆವು. ಶರಣಮ್ಮನಿಗೆ ಈಗ ಕಿವಿ ಮಂದ. ಆಗಾಗ ನನ್ನ ಮುಖ ನೋಡಿ, “ಕೂಗ್ತೇನು?” ಅನ್ನುತ್ತಿದ್ದಳು. ಅವಳ ಸಮಾಧಾನಕ್ಕೆ ಹೂಂ ಅಂದುಬಿಡಲೇ ಅಂತ ಒಮ್ಮೆ ಅನಿಸಿತು. “ಇಲ್ಲ” ಅಂದೆ.

ನಾಲ್ಕನೆಯ ದಿನ ಮೊದಲು ಕೇಳಿಸಿದ್ದು ಮಾದೇವಿಗೆ. ತಾಯಿಯ ಭುಜ ಮುಟ್ಟಿ, “ಅಲ್ಲಿ, ಯವ್ವಾ” ಅಂತ ಬೆರಳು ಮಾಡಿದಳು. ಬಂಡೆಯ ನೆತ್ತಿಯ ಮೇಲೆ ಒಂದು ಹಕ್ಕಿ ಕೂತಿತ್ತು. ಬಿಸಿಲು ಅದರ ಕೊರಳಿಗೆ ಬಿದ್ದಿತ್ತು. ಕೂಗಿತು. ಸುಮ್ಮನಾಗಿ ಕಾದಿತು. ಮತ್ತೆ ಕೂಗಿತು. ಎದುರಿನ ಬಂಡೆಗಳಿಂದ ಉತ್ತರ ಬರಲಿಲ್ಲ. ಹಾಗೆ ಎಂಟು ಹತ್ತು ಸಲ ಕೂಗಿ ಎಲೆಗಳೊಳಗೆ ಇಳಿಯಿತು.

“ಎಷ್ಟದಾವ?” ಅಂತ ಕೇಳಿದಳು ಶರಣಮ್ಮ.

ಮಾದೇವಿಯೇ ತಾಯಿಯ ಕಿವಿಗೆ ಬಾಯಿ ಹಚ್ಚಿ ಹೇಳಿದಳು: “ಒಂದs ಅದ.”

ಶರಣಮ್ಮ ತಲೆ ಆಡಿಸಿದಳು. ಏಳೋಣ ಅನ್ನಲಿಲ್ಲ. ಇನ್ನೊಂದು ಎಲ್ಲಿಂದಾದರೂ ಬಂದೀತು ಅಂತ ಮೂವರೂ ಬಿಸಿಲಿಗೆ ಬಂಡೆ ಕಾಯುವವರೆಗೆ ಅಲ್ಲೇ ಕೂತಿದ್ದೆವು. ಬರಲಿಲ್ಲ.